ಬಟ್ಟೆಗೆ ಸಿಗದ ಉಪ್ಪು

ನೀರನ್ನು ಸೋಸಿ ಕುಡಿಯಬೇಕೆಂಬುದು ನಮ್ಮವರಿಗೆ ಯಾರೋ ಹೊರಗಿನವರು ಬಂದು ಕಲಿಸಿದ ಪಾಠವಲ್ಲ. ಜೈನರ ಆಚಾರದಲ್ಲಿ ಎರಡು ಪದರು ಬಟ್ಟೆಯಿಂದ ಗಾಳಿಸದೆ ನೀರು ಬಳಸುವಂತಿಲ್ಲ. ಗಾಳಿಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು, ಯಾವ ಬಾವಿಯಿಂದ ನೀರು ತಂದರೋ ಅದೇ ಬಾವಿಗೆ ಹಿಂದಕ್ಕೆ ಬಿಡಬೇಕೆಂಬ ಕಟ್ಟಳೆಯೂ ಉಂಟು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ, ಜೈನರಿರಲಿ ಇಲ್ಲದಿರಲಿ, ಕೊಡದ ಬಾಯಿಗೆ ಹಳೆಯ ಧೋತರದ ತುಂಡನ್ನು ಹಿಡಿದು ನೀರು ತುಂಬುವುದು ಸಾಮಾನ್ಯ ರೂಢಿಯಾಗಿತ್ತು. ರೊಟ್ಟಿಯ ಹಿಟ್ಟಿಗೆ ಸಾಣಿಗೆ ಹೇಗೋ ಕುಡಿಯುವ ನೀರಿಗೆ ಬಟ್ಟೆ ಹಾಗೆ.

ಈ ಬಟ್ಟೆ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ನಾರುಹುಣ್ಣಿನ ಕಥೆಯೇ ಸಾಕ್ಷಿ. ಹಿರಿಯ ಓದುಗರಿಗೆ ನೆನಪಿರಬಹುದು. ಕಾಲಿನ ಮೇಲೆ ಬೊಬ್ಬೆ ಎದ್ದು, ಅದು ಒಡೆದು, ಒಳಗಿನಿಂದ ಗೇಣುಗಟ್ಟಲೆ ಉದ್ದದ ಬಿಳಿಯ ದಾರದಂಥ ಹುಳು ಹೊರಬರುವ ರೋಗವದು. ರೋಗಿ ಮೆಟ್ಟಿಲು ಬಾವಿಗೆ ಇಳಿದಾಗ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಅವುಗಳನ್ನು ಸೈಕ್ಲಾಪ್ಸ್ ಎಂಬ ಸೂಕ್ಷ್ಮ ನೀರುಜೀವಿ ನುಂಗುತ್ತಿತ್ತು. ಆ ನೀರನ್ನು ಕುಡಿದವನಿಗೆ ವರ್ಷ ತುಂಬುವಷ್ಟರಲ್ಲಿ ಮತ್ತೊಂದು ಹುಳು. ಭಾರತ ಸರ್ಕಾರ 1983–84ರಲ್ಲಿ ಇದರ ನಿರ್ಮೂಲನಕ್ಕೆ ಹೊರಟಾಗ ಪಟ್ಟಿಯಲ್ಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಔಷಧವಿಲ್ಲದ, ಲಸಿಕೆಯಿಲ್ಲದ ಈ ರೋಗವನ್ನು ಸೋಲಿಸಿದ್ದು ಮುಖ್ಯವಾಗಿ ಎರಡು ಉಪಾಯಗಳು: ಸಣ್ಣ ಕಣ್ಣಿನ ಬಟ್ಟೆಯಲ್ಲೋ ನೈಲಾನ್ ಜಾಳಿಗೆಯಲ್ಲೋ ನೀರು ಸೋಸುವುದು, ಮೆಟ್ಟಿಲು ಬಾವಿಗಳನ್ನು ಬಿಟ್ಟು ಕೈಪಂಪು ಹಾಕಿಸುವುದು. ಸೈಕ್ಲಾಪ್ಸನ್ನು ತಡೆಯಲು ಜಾಳಿಗೆಯ ಕಣ್ಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿದ್ದರೆ ಸಾಕು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಆದರೆ ಈ ಗೆಲುವಿನ ಬೆನ್ನಿಗೇ ಇನ್ನೊಂದು ಸಂಗತಿ ನಡೆಯಿತು. ಬರಗಾಲಗಳು, ಪಂಪ್‌ಸೆಟ್ಟುಗಳು, ಮುಚ್ಚಿಹೋದ ಮೆಟ್ಟಿಲು ಬಾವಿಗಳು ಎಲ್ಲ ಸೇರಿ ನಮ್ಮ ಹಳ್ಳಿಗಳು ಕೊಳವೆಬಾವಿಯ ಕಡೆಗೆ ತಿರುಗಿದವು. ಮೇಲಿನ ನೀರು ಮುಗಿದಂತೆ ಕೊಳವೆ ಆಳಕ್ಕೆ ಇಳಿಯಿತು. ಬಂದ ನೀರು ಕಣ್ಣಿಗೆ ಸ್ವಚ್ಛ, ಕೈಗೆ ತಂಪು. ಹುಳುವಿಲ್ಲ, ಕಸವಿಲ್ಲ. ಆದರೆ ಅದರಲ್ಲಿ ಕರಗಿ ಕುಳಿತಿದ್ದ ಉಪ್ಪನ್ನೂ ಫ್ಲೋರೈಡನ್ನೂ ಯಾವ ಬಟ್ಟೆಯೂ ಹಿಡಿಯಲಾರದು.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ಹಳೆಯ ತಾಲ್ಲೂಕುಗಳನ್ನು ನಕ್ಷೆಯಲ್ಲಿ ನೋಡಿದರೆ ಇಲ್ಲಿ ನೀರಿಗೆ ಕೊರತೆಯಿದೆ ಎಂದು ಯಾರೂ ಹೇಳಲಾರರು. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂದು ಅವು ಈಗ ಒಡೆದು ಹತ್ತಾಗಿವೆ, ಆ ಮಾತು ಬೇರೆ. ಬಡಗಣ ಅಂಚಿಗೆ ಭೀಮೆ, ತೆಂಕಣ ಅಂಚಿಗೆ ಕೃಷ್ಣೆ, ನಡುವೆ ಡೋಣಿ. ಆದರೆ ಮಳೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ. ನದಿಯಿಂದ ಹತ್ತು ಹದಿನೈದು ಮೈಲಿ ಒಳಗೆ ಸರಿದರೆ ಎರೆಭೂಮಿ, ಅದರ ಕೆಳಗೆ ಬಹುಪಾಲು ಕಡೆ ಕರಿಕಲ್ಲು. ಮುದ್ದೇಬಿಹಾಳದ ಕಡೆ ಇಳಿದಂತೆ ಸುಣ್ಣಕಲ್ಲಿನ ಹಾಸು, ಗ್ರಾನೈಟಿನ ಜಾತಿಯ ಹಳೆಯ ಕಲ್ಲು. ನೀರು ಎಷ್ಟು ಕಾಲ ಕಲ್ಲಿನ ಸಂದಿಯಲ್ಲಿ ನಿಂತಿರುತ್ತದೋ ಅಷ್ಟು ಉಪ್ಪನ್ನು ಹೀರುತ್ತದೆ. ಜತ್ತ ಸೀಮೆಯಲ್ಲಿ ಹುಟ್ಟಿ ತಾಳಿಕೋಟೆಯ ಬದಿಗೆ ಹರಿದು ಕೃಷ್ಣೆಯನ್ನು ಸೇರುವ ಡೋಣಿಯಂತೂ ಸವುಳು ನೀರಿಗೇ ಹೆಸರಾದ ನದಿ. ಡೋಣಿ ತುಂಬಿ ಹರಿದರೆ ಓಣಿಗೆಲ್ಲ ಜೋಳ ಎಂಬ ಅರ್ಥದ ಗಾದೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಬೆಳೆ ಕೊಡುವ ಆ ನದಿ ಕುಡಿಯಲು ಒದಗುವುದಿಲ್ಲ.

ಹೆಣ್ಣುಮಕ್ಕಳು ನೀರಿನ ಗುಣವನ್ನು ಅಳೆಯಲು ಬೇರೆ ಯಂತ್ರ ಕೇಳುವುದಿಲ್ಲ. ತೊಗರಿ ಬೇಳೆ ಬೇಯದಿದ್ದರೆ, ಸಬ್ಬು ನೊರೆ ಬಿಡದಿದ್ದರೆ, ಹಂಡೆಯ ಒಳಮೈಗೆ ಬಿಳಿಯ ಪದರು ಕಟ್ಟಿದರೆ ಅದು ಗಡಸು ನೀರು. ನಾಲಿಗೆಗೆ ಹತ್ತಿದರೆ ಸವುಳು. ಫ್ಲೋರೈಡಿನ ಕಥೆ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಲೀಟರಿಗೆ 1 ಮಿಲಿಗ್ರಾಮ್ ಮೀರಬಾರದು, ಬೇರೆ ನೀರೇ ಸಿಗದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಬೀಳುತ್ತದೆ, ಅದು ಜೀವಮಾನ ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣವನ್ನು ಹತ್ತಾರು ವರ್ಷ ಕುಡಿದರೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಇಂಡಿ ತಾಲ್ಲೂಕಿನ ಅಂತರ್ಜಲದ ಫ್ಲೋರೈಡ್ ಮತ್ತು ಅದರಿಂದಾಗಬಹುದಾದ ಆರೋಗ್ಯದ ತೊಂದರೆಗಳನ್ನೇ ಕುರಿತು 2017ರಲ್ಲಿ ಒಂದು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಯಿತು. ನೀರು ಕಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಮೊದಲಿಗಿಂತ ಗಟ್ಟಿಯಾಗುತ್ತದೆ.

ಹಿಂದಿನವರು ಸವುಳು ನೀರಿಗೆ ಏನು ಮಾಡುತ್ತಿದ್ದರು? ಅದನ್ನು ಬಿಟ್ಟು ಸಿಹಿನೀರನ್ನು ಹುಡುಕಿ ತರುತ್ತಿದ್ದರು. ಆದಿಲ್‌ಶಾಹಿಗಳು ವಿಜಯಪುರ ನಗರಕ್ಕೆ ತೊರವಿಯ ಕಡೆಯಿಂದ ಸುರಂಗ ತೋಡಿಸಿ ನೀರು ತಂದರು. 1651ರಲ್ಲಿ ಬೇಗಂ ತಲಾಬ ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಹರಿಸಿದರು. ಹಳ್ಳಿಯವರು ಹಳ್ಳದ ಉಸುಕಿನಲ್ಲಿ ವರತೆ ತೋಡಿ ಬಟ್ಟಲಿನಿಂದ ಮೊಗೆದು ಕೊಡ ತುಂಬಿದರು. ಕರಗಿದ ಉಪ್ಪನ್ನು ನೀರಿನಿಂದ ಬೇರ್ಪಡಿಸುವ ವಿದ್ಯೆ ಅರಸನಿಗೂ ಇರಲಿಲ್ಲ, ಒಕ್ಕಲಿಗನಿಗೂ ಇರಲಿಲ್ಲ. ಭಟ್ಟಿ ಇಳಿಸುವುದು ಗೊತ್ತಿತ್ತು ನಿಜ. ಕುಡಿಯುವ ನೀರಿಗಾಗಿ ಅಷ್ಟು ಉರುವಲು ಸುಡುವವರು ಯಾರು?

ಆ ವಿದ್ಯೆಯ ಬೀಜ ಮಾತ್ರ ನಮ್ಮ ಅಡುಗೆಮನೆಯಲ್ಲೇ ಇತ್ತು. ಇಂಡಿ ಸೀಮೆ ಲಿಂಬೆಗೆ ಹೆಸರಾದದ್ದು. ಹೆಚ್ಚಿದ ಲಿಂಬೆ ಹೋಳಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಮಾರನೆಯ ದಿನ ಹೋಳು ತನ್ನ ನೀರು ಬಿಟ್ಟಿರುತ್ತದೆ. ಅದೇ ಒಣ ಕಡಲೆಯನ್ನು ಬರಿಯ ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಜೀವಕೋಶವನ್ನು ಸುತ್ತಿರುವ ತೆಳು ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಪೊರೆಯ ಯಾವ ಬದಿಗೆ ಉಪ್ಪು ಹೆಚ್ಚೋ ಆ ಬದಿಗೆ ನೀರು ತಾನಾಗಿ ಸರಿಯುತ್ತದೆ. ಲಿಂಬೆಯಿಂದ ನೀರು ಹೊರಗೆ ಬರುವುದಕ್ಕೂ ಕಡಲೆಯೊಳಗೆ ನೀರು ಹೋಗುವುದಕ್ಕೂ ಮುಖ್ಯ ಕಾರಣ ಇದೇ.

ಇದನ್ನು ಪ್ರಯೋಗದಲ್ಲಿ ಮೊದಲು ಕಂಡವನು ಫ್ರಾನ್ಸಿನ ಪಾದ್ರಿ ನೊಲೆ. 1748ರಲ್ಲಿ ಆತ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟ. ಹೊರಗಿನ ನೀರು ಒಳನುಗ್ಗಿ ಪೊರೆ ಉಬ್ಬಿ ನಿಂತಿತು. ಮುಂದೆ 1861ರಲ್ಲಿ ಬ್ರಿಟನ್ನಿನ ಥಾಮಸ್ ಗ್ರಹಾಂ ಇಂಥ ಪೊರೆಯಿಂದ ಸಣ್ಣ ಅಣುಗಳನ್ನು ದೊಡ್ಡವುಗಳಿಂದ ಬೇರ್ಪಡಿಸಿ, ಆ ಕ್ರಿಯೆಗೆ ಡಯಾಲಿಸಿಸ್ ಎಂಬ ಹೆಸರಿಟ್ಟ. ನೀರು ಹೀಗೆ ನುಗ್ಗುವಾಗ ಎಷ್ಟು ಒತ್ತಡ ಹುಟ್ಟುತ್ತದೆ ಎಂಬ ಲೆಕ್ಕದ ಸೂತ್ರ ಕೊಟ್ಟ ಹಾಲೆಂಡಿನ ವಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಸಂದಿತು. ಸಮುದ್ರದ ನೀರಿಗೆ ಈ ಒತ್ತಡ ವಾತಾವರಣದ ಒತ್ತಡದ ಸುಮಾರು 27 ಪಟ್ಟು. ಲೀಟರಿಗೆ 2,000 ಮಿಲಿಗ್ರಾಮ್ ಉಪ್ಪಿರುವ ನಮ್ಮ ಸವುಳು ಬಾವಿಯ ನೀರಿಗೆ ಒಂದೂವರೆ ಪಟ್ಟಿನ ಆಸುಪಾಸು.

ನೀರು ತಾನಾಗಿ ಉಪ್ಪಿನ ಕಡೆಗೆ ಹೋಗುತ್ತದೆ ಎಂದಾದರೆ, ಉಪ್ಪಿನ ಬದಿಯಿಂದ ಅದಕ್ಕಿಂತ ಜೋರಾಗಿ ಒತ್ತಿದರೆ ನೀರು ಹಿಮ್ಮೊಗವಾಗಿ ಬರಬೇಕಲ್ಲ? ಬರುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. ಇಂದು ಹಳ್ಳಿಯ ಮಕ್ಕಳೂ ಆರ್.ಓ. ಎಂದು ಕರೆಯುವುದರ ಒಟ್ಟು ಗುಟ್ಟು ಇಷ್ಟೇ. ಕಷ್ಟವಿದ್ದದ್ದು ಒತ್ತುವುದರಲ್ಲಲ್ಲ, ಪೊರೆಯಲ್ಲಿ. ಹಂದಿಯ ಮೂತ್ರಕೋಶ ಆ ಒತ್ತಡಕ್ಕೆ ನಿಲ್ಲಬೇಕೆ? 1950ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ರೀಡ್ ಎಂಬ ವಿಜ್ಞಾನಿಯ ತಂಡ ಸೆಲ್ಯುಲೋಸ್ ಅಸಿಟೇಟ್ ಎಂಬ ಹಾಳೆ ಉಪ್ಪನ್ನು ಚೆನ್ನಾಗಿ ತಡೆಯುತ್ತದೆಂದು ತೋರಿಸಿತು. ಹತ್ತಿಯ ನಾರಿನ ಮೂಲವಸ್ತುವಿನಿಂದಲೇ ತಯಾರಾಗುವ ಈ ಹಾಳೆ ಸಿನಿಮಾ ಫಿಲಮಿನ ಹತ್ತಿರದ ಬಂಧು. ಆದರೆ ನೀರು ತೊಟ್ಟು ತೊಟ್ಟಾಗಿ ಬರುತ್ತಿತ್ತು. ಹಾಳೆ ತೆಳುವಾದರೆ ಹರಿಯುತ್ತದೆ, ದಪ್ಪವಾದರೆ ನೀರು ಬರುವುದಿಲ್ಲ.

ಈ ಗಂಟು ಬಿಚ್ಚಿದ್ದು 1960ರ ಸುಮಾರಿಗೆ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಬಿಚ್ಚಿದವರು ಇಬ್ಬರು: ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿ ಮುಂದೆ ಕೆನಡಾದಲ್ಲಿ ನೆಲೆಸಿದ ಶ್ರೀನಿವಾಸ ಸೌರಿರಾಜನ್. ಅವರು ಮಾಡಿದ್ದನ್ನು ತಿಳಿಯಲು ಕೆನೆಗಟ್ಟಿದ ಮೊಸರನ್ನು ನೆನೆದರೆ ಸಾಕು. ಮೇಲೆ ಬಿಗಿಯಾದ ತೆಳು ಕೆನೆ, ಕೆಳಗೆ ಸಡಿಲವಾದ ದಪ್ಪ ಮೊಸರು. ದ್ರಾವಣವನ್ನು ಗಾಜಿನ ಮೇಲೆ ಹರಡಿ, ತುಸು ಆರಲು ಬಿಟ್ಟು, ತಣ್ಣೀರಿನಲ್ಲಿ ಮುಳುಗಿಸಿ, ಆಮೇಲೆ ಬಿಸಿನೀರಿನಲ್ಲಿಟ್ಟಾಗ ಅವರಿಗೆ ಇಂಥದೇ ಹಾಳೆ ದೊರೆಯಿತು. ಉಪ್ಪನ್ನು ತಡೆಯುವ ಕೆಲಸ ಕೆನೆಯದು, ಅದನ್ನು ಹೊತ್ತು ನಿಲ್ಲುವ ಕೆಲಸ ಕೆಳಗಿನ ರಂಧ್ರಮಯ ಪದರಿನದು. ಒಂದೇ ಹಾಳೆ, ಆದರೆ ಎರಡು ಮೈ. ಮಗುಚಿ ಹಾಕಿದರೆ ಕೆಲಸ ಕೆಡುತ್ತದೆ. ಹಿಂದಿನ ಹಾಳೆಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ನೀರು ಅದರಿಂದ ಬಂತು. ಇಂದಿನ ಎಲ್ಲ ಆರ್.ಓ. ಘಟಕಗಳ ವಂಶಾವಳಿ ಈ ಹಾಳೆಯಿಂದ ಶುರುವಾಗುತ್ತದೆ. ಸೌರಿರಾಜನ್ನರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣದಿರುವುದು ನನಗಂತೂ ವಿಚಿತ್ರವೆನಿಸುತ್ತದೆ.

ಈ ಹಾಳೆಯಿಂದ ಒಂದು ಊರಿಗೆ ಮೊದಲು ಕುಡಿಯುವ ನೀರು ಕೊಟ್ಟದ್ದು ಎಲ್ಲಿ ಎಂದು ಕೇಳಿದರೆ ಯಾವುದೋ ಬಂದರು ಪಟ್ಟಣವೆಂದು ಊಹಿಸುವವರೇ ಹೆಚ್ಚು. ಅದು ಕೋಲಿಂಗಾ, ಕ್ಯಾಲಿಫೋರ್ನಿಯಾದ ಒಳನಾಡಿನ ಒಂದು ಸಣ್ಣ ಒಣ ಊರು. ಅಲ್ಲಿಯ ಬಾವಿಗಳ ನೀರು ಸವುಳು. ಹಿಂದೆ ಕುಡಿಯುವ ನೀರನ್ನು ರೈಲಿನಲ್ಲಿ ತರಿಸಿಕೊಳ್ಳುತ್ತಿದ್ದರು. 1965ರಲ್ಲಿ ಅಲ್ಲಿ ದಿನಕ್ಕೆ ಸುಮಾರು 20 ಸಾವಿರ ಲೀಟರ್ ಕೊಡುವ ಘಟಕ ನಿಂತಿತು. ಸಿಂದಗಿಯ ಯಾವುದಾದರೂ ದೊಡ್ಡ ಹಳ್ಳಿಗೆ ಹೋಲಿಸಿ ನೋಡಿ: ಊರಿನ ಬಗೆ ಅದೇ, ಸಮಸ್ಯೆಯೂ ಅದೇ. ನಮ್ಮಲ್ಲಿಗೆ ಈ ವಿದ್ಯೆ ಊರೂರಿಗೆ ಬಂದು ಮುಟ್ಟಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಆ ನಡುವೆ ಪೊರೆಯೂ ಬದಲಾಯಿತು. ಸೆಲ್ಯುಲೋಸ್ ಹಾಳೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತಿದ್ದವು. 1970ರ ದಶಕದಲ್ಲಿ ಅಮೆರಿಕದ ಜಾನ್ ಕ್ಯಾಡಟ್ ಬೇರೊಂದು ದಾರಿ ಹಿಡಿದ. ನೀರಿನ ಮೇಲೆ ಎಣ್ಣೆ ಸುರಿದರೆ ಎರಡೂ ಬೆರೆಯುವುದಿಲ್ಲ, ನಡುವೆ ಒಂದು ಗೆರೆ ನಿಲ್ಲುತ್ತದೆ. ಒಂದು ರಾಸಾಯನಿಕವನ್ನು ನೀರಿನಲ್ಲಿ, ಇನ್ನೊಂದನ್ನು ಎಣ್ಣೆಯಂಥ ದ್ರವದಲ್ಲಿ ಕರಗಿಸಿ, ಒಂದು ರಂಧ್ರಮಯ ಹಾಳೆಯ ಮೇಲೆ ಎರಡನ್ನೂ ಸಂಧಿಸುವಂತೆ ಮಾಡಿದರೆ ಆ ಗೆರೆಯ ಮೇಲೆಯೇ ಪಾಲಿಅಮೈಡ್ ಪೊರೆ ಕ್ಷಣಮಾತ್ರದಲ್ಲಿ ಹುಟ್ಟುತ್ತದೆ. ಪಾಲಿಅಮೈಡ್ ಎಂದರೆ ನೈಲಾನಿನ ಕುಲ. ಸೊಗಸೆಂದರೆ, ಪೊರೆ ಹುಟ್ಟುತ್ತಲೇ ಎರಡು ದ್ರವಗಳ ನಡುವೆ ತಾನೇ ಗೋಡೆಯಾಗಿ ನಿಂತು ತನ್ನ ಬೆಳವಣಿಗೆಯನ್ನು ತಾನೇ ತಡೆಯುತ್ತದೆ. ಹಾಗಾಗಿ ಅದು ಎಷ್ಟು ತೆಳುವೆಂದರೆ ತಲೆಗೂದಲಿನ ದಪ್ಪದ ಸುಮಾರು ಐನೂರರಲ್ಲಿ ಒಂದು ಪಾಲು. ನಾರುಹುಣ್ಣಿನ ವಿರುದ್ಧ ನೈಲಾನ್ ಜಾಳಿಗೆ ಹಿಡಿದಿದ್ದ ಹಳ್ಳಿಗಳಿಗೆ ಆಮೇಲೆ ಬಂದದ್ದೂ ನೈಲಾನಿನ ದಾಯಾದಿಯೇ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ.

ಅದನ್ನು ಜರಡಿ ಎನ್ನಬಹುದೆ? ಒಂದು ಮಟ್ಟದವರೆಗೆ ಎನ್ನಬಹುದು. ಪೊರೆಗಳಲ್ಲಿ ಸ್ಥೂಲವಾಗಿ ನಾಲ್ಕು ತರಗತಿಗಳಿವೆ. ಮೊದಲನೆಯದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಎರಡನೆಯದು ವೈರಸ್ಸನ್ನೂ ಹಾಲಿನ ಪ್ರೋಟೀನನ್ನೂ ತಡೆಯುತ್ತದೆ. ಡೇರಿಗಳಲ್ಲಿ ಗಿಣ್ಣದ ನೀರಿನಿಂದ ಪ್ರೋಟೀನ್ ತೆಗೆಯುವುದು ಇದರಿಂದ. ಮೂರನೆಯದಕ್ಕೆ ನೀರಿನ ಗಡಸು ಸಿಗುತ್ತದೆ. ಇವೆಲ್ಲ ಹೆಚ್ಚುಕಡಿಮೆ ಜರಡಿಗಳೇ. ನಾಲ್ಕನೆಯದಾದ ಆರ್.ಓ. ಪೊರೆಯಲ್ಲಿ ತೂತು ಎಂದು ಬೆರಳಿಟ್ಟು ತೋರಿಸುವಂಥದು ಏನೂ ಇಲ್ಲ. ನೀರಿನ ಅಣು ಪಾಲಿಅಮೈಡಿನ ಎಳೆಗಳ ನಡುವೆ ಸಂದಿ ಸಿಕ್ಕಲ್ಲೆಲ್ಲ ನುಸುಳಿಕೊಂಡು ಆಚೆ ಹೋಗುತ್ತದೆ. ಉಪ್ಪಿನ ಕಣ ತನ್ನ ಸುತ್ತ ನೀರಿನ ಅಣುಗಳ ಕವಚ ತೊಟ್ಟಿರುವುದರಿಂದಲೂ ವಿದ್ಯುದಂಶ ಹೊತ್ತಿರುವುದರಿಂದಲೂ ಬಾಗಿಲಲ್ಲೇ ಉಳಿಯುತ್ತದೆ. ಸಂತೆಯ ದಟ್ಟಣೆಯಲ್ಲಿ ಬರಿಗೈಯವನು ನುಸುಳುತ್ತಾನೆ, ತಲೆಯ ಮೇಲೆ ಮೇವಿನ ಹೊರೆ ಹೊತ್ತವನು ನಿಲ್ಲುತ್ತಾನೆ.

ಹಾಳೆಯನ್ನು ಹಾಗೆಯೇ ಹಾಸಿದರೆ ಕೋಣೆ ಸಾಲದು. ಆದ್ದರಿಂದ ನಡುವೆ ಪ್ಲಾಸ್ಟಿಕ್ ಜಾಳಿಗೆ ಇಟ್ಟು ಚಾಪೆ ಸುತ್ತಿದಂತೆ ಸುರುಳಿ ಸುತ್ತುತ್ತಾರೆ. ನಾಲ್ಕು ಅಂಗುಲ ದಪ್ಪ, ನಲವತ್ತು ಅಂಗುಲ ಉದ್ದದ ಒಂದು ಸುರುಳಿಯೊಳಗೆ ಏಳೆಂಟು ಚದರ ಮೀಟರ್ ಹಾಳೆ ಅಡಗಿರುತ್ತದೆ. ಪೊರೆ ತೆಳುವಾದಷ್ಟೂ ಕರೆಂಟು ಕಡಿಮೆ ಸಾಕು. ಸಮುದ್ರದ ನೀರನ್ನು ಸಾವಿರ ಲೀಟರಿನಷ್ಟು ಸಿಹಿ ಮಾಡಲು ಒಂದು ಕಾಲಕ್ಕೆ ಹದಿನೈದು ಯೂನಿಟ್ಟಿಗೂ ಮೇಲೆ ಬೇಕಾಗುತ್ತಿದ್ದುದು ಈಗ ಮೂರು ನಾಲ್ಕಕ್ಕೆ ಇಳಿದಿದೆ. ಚೆನ್ನೈ ನಗರ 2010ರಿಂದ ಸಮುದ್ರದ ನೀರನ್ನು ಹೀಗೆ ಕುಡಿಯುತ್ತಿದ್ದರೆ ಅದಕ್ಕೆ ಈ ಇಳಿಕೆಯೂ ಕಾರಣ.

ನಮ್ಮ ದೇಶದಲ್ಲಿ ಈ ಹಾಳೆಗಳ ಮೇಲೆ ಬಹುಕಾಲದಿಂದ ದುಡಿದಿರುವುದು ಗುಜರಾತಿನ ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಸಾಯನ ಸಂಶೋಧನ ಸಂಸ್ಥೆ. ಕನ್ನಡನಾಡಿನ ಪಾಲೂ ಸಣ್ಣದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮೀನಭಾವಿ ಅವರ ಬಳಗ ಮದ್ಯಸಾರದಿಂದ ನೀರನ್ನು ಬೇರ್ಪಡಿಸುವ ಪೊರೆಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿತು. ಮದ್ಯಸಾರವನ್ನು ಎಷ್ಟು ಸಲ ಭಟ್ಟಿ ಇಳಿಸಿದರೂ ಕೊನೆಯ ಐದು ಪಾಲಿನಷ್ಟು ನೀರು ಅಂಟಿಕೊಂಡೇ ಇರುತ್ತದೆ. ಅದನ್ನು ಬಿಡಿಸುವ ದಾರಿಗಳಲ್ಲಿ ಪೊರೆಯೂ ಒಂದು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಈ ಕಾಲದಲ್ಲಿ, ಭೀಮಾತೀರದ ಕಬ್ಬಿನ ಸೀಮೆಗೆ ಈ ವಿದ್ಯೆ ದೂರದ್ದಲ್ಲ.

ಇನ್ನು ಹಳ್ಳಿಯ ಘಟಕಕ್ಕೆ ಬರೋಣ. 2013ರ ಈಚೆಗೆ ರಾಜ್ಯ ಸರ್ಕಾರ ಸಾವಿರಾರು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಹಾಕಿಸಿತು. ತಗಡಿನ ಕೋಣೆ, ನಾಣ್ಯ ಹಾಕುವ ಕಿಂಡಿ, ಇಪ್ಪತ್ತು ಲೀಟರಿನ ಕ್ಯಾನು. ಒಳಗೆ ಮೊದಲು ಉಸುಕಿನ ಪೀಪಾಯಿ, ಅದು ಕಸ ಹಿಡಿಯುತ್ತದೆ. ಆಮೇಲೆ ಇದ್ದಿಲಿನ ಪೀಪಾಯಿ, ಅದು ವಾಸನೆಯನ್ನೂ ಕ್ಲೋರಿನ್ನನ್ನೂ ಹೀರುತ್ತದೆ. ನಂತರ ಸುಣ್ಣ ಗಟ್ಟಿಯಾಗದಂತೆ ಒಂದು ಔಷಧದ ಹನಿ. ಆಮೇಲೆ ಪಂಪು, ಪೊರೆಯ ಸುರುಳಿಗಳು, ಕೊನೆಗೆ ನೇರಳಾತೀತ ದೀಪ. ಸಹಸ್ರಾರು ಮನೆಗಳಿಗೆ ಇದರಿಂದ ಉಪಕಾರವಾಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಇದಕ್ಕೂ ಮುಂಚೆ ಫ್ಲೋರೈಡಿಗೆ ಪಟಿಕ ಮತ್ತು ಸುಣ್ಣ ಬೆರೆಸಿ ತಿಳಿಯಾಗಿಸುವ ನಲಗೊಂಡ ವಿಧಾನವಿತ್ತು. ಅದು ಅಗ್ಗವಾದದ್ದು, ಆದರೆ ದಿನವೂ ಅಳತೆ ತಪ್ಪದಂತೆ ಮಾಡಬೇಕು, ಮೇಲಾಗಿ ಅದಕ್ಕೆ ಉಪ್ಪು ಹೋಗುವುದಿಲ್ಲ. ಪೊರೆ ಎರಡನ್ನೂ ಒಟ್ಟಿಗೆ ತೆಗೆಯುತ್ತದೆ.

ಹಾಗಿದ್ದರೆ ಎಷ್ಟೋ ಘಟಕಗಳಿಗೆ ಬೀಗ ಬೀಳುವುದೇಕೆ? ಗುತ್ತಿಗೆದಾರರ ದೋಷ, ಪಂಚಾಯತಿಯ ಉದಾಸೀನ ಎಂದು ಹೇಳುವುದು ಸುಲಭ, ಅದರಲ್ಲಿ ನಿಜವೂ ಇರಬಹುದು. ಆದರೆ ಪೊರೆಯ ಸ್ವಭಾವವನ್ನೂ ತಿಳಿಯಬೇಕು. ಬಟ್ಟೆ ಹೊಲಸಾದರೆ ಒಗೆದು ಒಣಗಿಸಿದರಾಯಿತು. ಪಾಲಿಅಮೈಡ್ ಪೊರೆಗೆ ಎರಡು ಶತ್ರುಗಳು. ಒಂದು, ಕ್ಲೋರಿನ್. ಮೇಲಿನ ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ನೀರು, ಇದ್ದಿಲು ಸತ್ತುಹೋದ ಘಟಕಕ್ಕೆ ಬಂದರೆ ಪೊರೆ ಕ್ರಮೇಣ ಹರಿದುಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನೀರು ಮೊದಲಿಗಿಂತ ಜೋರಾಗಿಯೇ ಬರುತ್ತದೆ, ಉಪ್ಪೂ ಫ್ಲೋರೈಡೂ ಜೊತೆಗೇ ಬರುತ್ತವೆ. ಜನ ನಾಣ್ಯ ಹಾಕಿ ಬಾವಿಯ ನೀರನ್ನೇ ಒಯ್ಯುತ್ತಿರುತ್ತಾರೆ. ಎರಡನೆಯದು ಸುಣ್ಣ. ಹಂಡೆಗೆ ಕಟ್ಟುವ ಬಿಳಿ ಪದರೇ ಪೊರೆಗೂ ಕಟ್ಟುತ್ತದೆ. ಔಷಧದ ಡಬ್ಬಿ ಖಾಲಿಯಾಗಿ ವಾರಗಳು ಕಳೆದರೆ ನೀರು ಸಣ್ಣದಾಗುತ್ತಾ ಬಂದು ಕಡೆಗೆ ನಿಲ್ಲುತ್ತದೆ. ಹೊಸ ಸುರುಳಿಗೆ ದುಡ್ಡು ಬೇಕು. ಮೊದಲನೆಯದರಲ್ಲಿ ಜನಕ್ಕೆ ಗೊತ್ತೇ ಆಗದ ಮೋಸ, ಎರಡನೆಯದರಲ್ಲಿ ಕಣ್ಣಿಗೆ ಕಾಣುವ ಬೀಗ. ನನ್ನ ಮಟ್ಟಿಗೆ ಮೊದಲನೆಯದೇ ಹೆಚ್ಚು ಅಪಾಯಕಾರಿ. ಘಟಕದ ಗೋಡೆಯ ಮೇಲೆ ದಿನದಿನದ ಟಿ.ಡಿ.ಎಸ್. ಅಂಕಿಯನ್ನು, ಒಳಬರುವ ನೀರಿನದೂ ಹೊರಬರುವುದರದೂ, ಬರೆದು ಹಾಕುವುದಕ್ಕೆ ಒಂದು ತುಂಡು ಸೀಮೆಸುಣ್ಣ ಸಾಕು. ಒಳಗೆ 2,000 ಇದ್ದು ಹೊರಗೆ 100–150 ಬರುತ್ತಿದ್ದರೆ ಪೊರೆ ಆರೋಗ್ಯವಾಗಿದೆ. ಹೊರಗಿನ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅದು ಮುಪ್ಪಾಗುತ್ತಿದೆ.

ಇನ್ನೂ ದೊಡ್ಡ ಮಾತು ಘಟಕದ ಹಿಂಬದಿಯಲ್ಲಿದೆ. ಅಲ್ಲಿ ಎರಡನೆಯ ಕೊಳವೆಯೊಂದಿರುತ್ತದೆ, ಕ್ಯಾನು ಹಿಡಿದವರು ಅದನ್ನು ನೋಡುವುದಿಲ್ಲ. ಪೊರೆ ಉಪ್ಪನ್ನು ಎಲ್ಲಿಯೂ ಮಾಯ ಮಾಡುವುದಿಲ್ಲ, ನೀರನ್ನು ಇಬ್ಭಾಗ ಮಾಡುತ್ತದೆ ಅಷ್ಟೇ. ಒಂದು ಪಾಲು ಸಿಹಿ, ಇನ್ನೊಂದು ಪಾಲು ಮೊದಲಿಗಿಂತ ಸವುಳು. ಗಂಟೆಗೆ ಸಾವಿರ ಲೀಟರ್ ಸಿಹಿನೀರು ಕೊಡುವ ಘಟಕ ದಿನಕ್ಕೆ ಎಂಟು ತಾಸು ನಡೆಯಿತೆನ್ನಿ, ನೀರಿನ ಅರ್ಧ ಪಾಲು ಸಿಹಿಯಾಗುತ್ತದೆನ್ನಿ. ಒಳಕ್ಕೆ ಹೋದದ್ದು 16 ಸಾವಿರ ಲೀಟರ್. ಲೀಟರಿಗೆ 2,000 ಮಿಲಿಗ್ರಾಮಿನಂತೆ ಅದರಲ್ಲಿದ್ದ ಉಪ್ಪು 32 ಕಿಲೋ. ಸಿಹಿನೀರಿನ ಜೊತೆ ಒಂದು ಕಿಲೋ ಹೋದರೂ ಉಳಿದ 31 ಕಿಲೋ ಹಿಂಬದಿಯ ಕೊಳವೆಯಲ್ಲಿ ಹೊರಬೀಳುತ್ತದೆ. ತಿಂಗಳಿಗೆ ಒಂಬತ್ತು ಕ್ವಿಂಟಲ್ ದಾಟಿತು. ಫ್ಲೋರೈಡ್ ಬಾವಿಯಲ್ಲಿ 2 ಮಿಲಿಗ್ರಾಮ್ ಇದ್ದರೆ ಈ ನೀರಿನಲ್ಲಿ 4ರ ಹತ್ತಿರ.

ಈ ನೀರು ಘಟಕದ ಪಕ್ಕದ ಗಟಾರಕ್ಕೆ ಬಿದ್ದು, ಅಲ್ಲೇ ಇಂಗಿ, ಅದೇ ಕೊಳವೆಬಾವಿಗೆ ಹಿಂತಿರುಗಿದರೆ ನಾವು ಮಾಡಿದ್ದೇನು? ಗಾಳಿಸಿದ ಜೀವಿಗಳನ್ನು ಅದೇ ಬಾವಿಗೆ ಬಿಡಬೇಕೆಂಬ ಜೈನರ ಕಟ್ಟಳೆ ಜೀವದಯೆಯದು, ಅದು ಅಲ್ಲಿಗೆ ಸರಿ. ಉಪ್ಪಿನ ವಿಷಯದಲ್ಲಿ ಅದೇ ಬಾವಿಗೆ ಬಿಡುವುದೇ ತಪ್ಪು. ಎರೆಭೂಮಿಗೆ ಹರಿಸುವುದೂ ಸಲ್ಲದು. ಸೋಡಿಯಂ ಸೇರಿದ ಎರೆಮಣ್ಣು ಬಿಗಿದುಕೊಂಡು ನೀರು ಇಂಗಿಸಿಕೊಳ್ಳದ ಸವುಳು ನೆಲವಾಗುತ್ತದೆ. ಶಾಲೆಯ, ಸಮುದಾಯದ ಪಾಯಿಖಾನೆಗಳಿಗೆ, ನೆಲ ತೊಳೆಯುವುದಕ್ಕೆ ಒಂದು ಟಾಕಿ ಕಟ್ಟಿ ಅದನ್ನು ಹಿಡಿದಿಡಬಹುದು. ಉಳಿದದ್ದನ್ನು ತಳಕ್ಕೆ ಹಾಳೆ ಹಾಸಿದ ಆಳವಿಲ್ಲದ ಹೊಂಡದಲ್ಲಿ ಬಿಸಿಲಿಗೆ ಒಣಗಿಸಬಹುದು. ವಿಜಯಪುರದ ಬೇಸಿಗೆಯ ಬಿಸಿಲು ಈ ಒಂದು ಕೆಲಸಕ್ಕಾದರೂ ಬಂದೀತು. ದನಕ್ಕೆ ಕುಡಿಸುವುದು ಬೇಡ. ಫ್ಲೋರೈಡ್ ಅವುಗಳ ಹಲ್ಲನ್ನೂ ಎಲುಬನ್ನೂ ಬಿಡುವುದಿಲ್ಲ.

ನದಿಯ ನೀರು ಬಂದ ಊರುಗಳಲ್ಲಿ ಲೆಕ್ಕವೇ ಬೇರೆ. ಆಲಮಟ್ಟಿಯ ಜಲಾಶಯದಿಂದ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಗಳ ಕಾಲುವೆ ಕೆರೆಗಳಿಂದ, ಬಹುಗ್ರಾಮ ಯೋಜನೆಗಳ ಕೊಳವೆಗಳಿಂದ ಕೃಷ್ಣೆ ಈಗ ಒಳನಾಡಿಗೂ ಬರುತ್ತಿದ್ದಾಳೆ. ಸಿಹಿನೀರನ್ನು ದೂರದಿಂದ ತರುವ ಆದಿಲ್‌ಶಾಹಿಗಳ ದಾರಿಯೇ ಇದು, ಕೊಳವೆ ಮಾತ್ರ ದೊಡ್ಡದು. ನದಿಯ ನೀರಿನಲ್ಲಿ ಉಪ್ಪು ಕಡಿಮೆ, ಕೆಸರೂ ರೋಗಾಣುವೂ ಹೆಚ್ಚು. ಅದಕ್ಕೆ ಉಸುಕಿನ ಸೋಸುವಿಕೆ ಮತ್ತು ಕ್ಲೋರಿನ್ ಸಾಕು, ಮೇಲೊಂದು ಬ್ಯಾಕ್ಟೀರಿಯಾ ತಡೆಯುವ ಪೊರೆ ಇದ್ದರೆ ಬೇಡವೆನ್ನುವುದಿಲ್ಲ. ಅಂಥ ನೀರನ್ನು ಮತ್ತೆ ಆರ್.ಓ.ಗೆ ಹಾಕುವುದು ಒಳ್ಳೆಯ ನೀರಿನ ಒಂದು ಪಾಲನ್ನು ಚೆಲ್ಲಿ, ಅದರ ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನೂ ಕಳೆದು, ಸಪ್ಪೆ ನೀರು ಕುಡಿದಂತೆ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆಯಿರುವ ಕಡೆ ಆರ್.ಓ. ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶನ ಕೊಟ್ಟದ್ದು ಇದೇ ಕಾರಣಕ್ಕೆ. ಪಟ್ಟಣದ ಮನೆಗಳ ಗೋಡೆಯ ಮೇಲೆ ಇದೊಂದು ಮರ್ಯಾದೆಯ ಸಾಮಾನಾಗಿರುವಾಗ ಕೇಳುವವರು ಕಡಿಮೆ. ಕೊಳವೆಯ ಕೊನೆಯಲ್ಲಿರುವ, ನದಿಯ ನೀರು ಬಂದರೂ ನಾಲ್ಕು ದಿನಕ್ಕೊಮ್ಮೆ ಬರುವ ಹಳ್ಳಿಗಳಲ್ಲಿ ಜನ ತಿರುಗಿ ಕೊಳವೆಬಾವಿಗೇ ಹೋಗುತ್ತಾರೆ. ಪೊರೆ ನಿಜವಾಗಿ ಬೇಕಾದದ್ದು ಅಲ್ಲಿ.

ಇನ್ನೊಂದು ಕಡೆಯೂ ಅದು ಬೇಕು, ಅಲ್ಲಿ ಅದಿಲ್ಲದೆ ಒಂದು ದಿನವೂ ನಡೆಯದು. 1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ, ವಿಲ್ಲೆಂ ಕಾಲ್ಫ್ ಎಂಬ ವೈದ್ಯ ಮಾಂಸದ ಸಾಸೇಜಿಗೆ ಸುತ್ತುವ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ, ಅದರಲ್ಲಿ ರೋಗಿಯ ರಕ್ತ ಹರಿಸಿ ಕೃತಕ ಮೂತ್ರಪಿಂಡ ಮಾಡಿದ. ಇಂದು ಅದೇ ಕೆಲಸವನ್ನು ಕೂದಲೆಳೆಯಂಥ ಸಾವಿರಾರು ಟೊಳ್ಳು ಎಳೆಗಳ ಕೃತಕ ಪೊರೆ ಮಾಡುತ್ತದೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೂ ಡಯಾಲಿಸಿಸ್ ಬಂದಿದೆ. ನಾಲ್ಕು ತಾಸಿನ ಒಂದು ಸರದಿಯಲ್ಲಿ ರೋಗಿಯ ರಕ್ತದ ಆಚೆಬದಿಗೆ ಸುಮಾರು 120 ಲೀಟರ್ ನೀರು ಹರಿದುಹೋಗುತ್ತದೆ, ನಡುವೆ ಇರುವುದು ಆ ಎಳೆಯ ಗೋಡೆ ಮಾತ್ರ. ಆರೋಗ್ಯವಂತನ ಮೂತ್ರಪಿಂಡ ಹೊರಹಾಕಬಲ್ಲ ಫ್ಲೋರೈಡನ್ನೂ ಲವಣವನ್ನೂ ಆ ರೋಗಿ ಹೊರಹಾಕಲಾರ. ಆದ್ದರಿಂದ ಡಯಾಲಿಸಿಸ್ ಯಂತ್ರದ ಹಿಂದಿನ ಕೋಣೆಯಲ್ಲಿ ಒಂದು ಆರ್.ಓ. ಘಟಕ ಇದ್ದೇ ಇರುತ್ತದೆ. ಹಳ್ಳಿಯ ತಗಡಿನ ಕೋಣೆಯಲ್ಲಿರುವಂಥದೇ ಸುರುಳಿ, ಅದೇ ಪಾಲಿಅಮೈಡ್. ಇಲ್ಲಿ ಮಾತ್ರ ಇದ್ದಿಲಿನ ಪೀಪಾಯಿ ಒಂದರ ಹಿಂದೆ ಒಂದು ಎರಡಿಡುತ್ತಾರೆ, ಕ್ಲೋರಿನ್ ನುಸುಳಿತೇ ಎಂದು ರೋಗಿಯನ್ನು ಯಂತ್ರಕ್ಕೆ ಜೋಡಿಸುವ ಮುನ್ನ ಪರೀಕ್ಷಿಸಿ ವಹಿಯಲ್ಲಿ ಬರೆಯುತ್ತಾರೆ.